ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ

ಮಾರ್ಟಿನ್ ಲೂಥರ್ 1517ರಲ್ಲಿ ಹೊರಡಿಸಿದ 95 ವಾದಸೂತ್ರಗಳಿಂದ ಪಶ್ಚಿಮ ಯೂರೋಪಿನ ಕ್ರೈಸ್ತರು ಎರಡಾದ ಸಂಗತಿ ಶಾಲಾ ಪಠ್ಯದಲ್ಲೇ ಇದೆ. ಆದರೆ 24 ವರ್ಷಗಳ ನಂತರ ಆ ಬಿರುಕು ಮುಚ್ಚಿಹೋಗುವ ಸಂದರ್ಭವೊಂದು ಒದಗಿತ್ತು.

1541ರಲ್ಲಿ ಚಕ್ರವರ್ತಿ ಐದನೆಯ ಚಾರ್ಲ್ಸ್ ಜರ್ಮನಿಯ ರೇಗನ್ಸ್‌ಬರ್ಗ್‌ನಲ್ಲಿ ಎರಡೂ ಪಕ್ಷಗಳ ತಲಾ ಮೂವರು ಪಂಡಿತರನ್ನು ಎದುರುಬದುರು ಕೂರಿಸಿದ. ಪೂರ್ವದಿಂದ ತುರ್ಕರು ಮುನ್ನುಗ್ಗುತ್ತಿದ್ದರು. ಅವರನ್ನು ತಡೆಯಲು ಪ್ರಾಟೆಸ್ಟೆಂಟ್ ಅರಸರ ನೆರವೂ ಅವನಿಗೆ ಬೇಕಿತ್ತು. ಕ್ಯಾಥೊಲಿಕರ ಪರವಾಗಿ ಎಕ್, ಫ್ಲೂಗ್, ಗ್ರಾಪರ್. ಪ್ರಾಟೆಸ್ಟೆಂಟರ ಪರವಾಗಿ ಮೆಲಾಂಕ್ತನ್, ಬುಟ್ಸರ್, ಪಿಸ್ಟೋರಿಯಸ್. ಪೋಪರ ಪ್ರತಿನಿಧಿಯಾಗಿ ಬಂದ ಕಾರ್ಡಿನಲ್ ಕಾಂಟರೀನಿ ರಾಜಿಗೆ ಮನಸ್ಸಿದ್ದವರು.

ಮನುಷ್ಯ ದೇವರ ಮುಂದೆ ನೀತಿವಂತನೆನಿಸುವುದು ಹೇಗೆ? ಇದೇ ಮೂಲ ವಿವಾದ. ವಿಶ್ವಾಸ ಮಾತ್ರದಿಂದ ಎಂಬುದು ಲೂಥರ್ ವಾದ. ದೈವಕೃಪೆಯೊಡನೆ ಸಹಕರಿಸಿ ಮಾಡುವ ಸತ್ಕಾರ್ಯಗಳಿಗೂ ಸ್ಥಾನವುಂಟು ಎಂಬುದು ರೋಮ್‌ನ ನಿಲುವು. ಅಚ್ಚರಿಯೆಂದರೆ, ಮೇ 2ರಂದು ಈ ಪ್ರಶ್ನೆಯಲ್ಲೇ ಒಮ್ಮತ ಮೂಡಿತು. ಮನುಷ್ಯನನ್ನು ಉದ್ಧರಿಸುವುದು ವಿಶ್ವಾಸವೇ, ಆದರೆ ಅದು ಪ್ರೀತಿಯ ಮೂಲಕ ಕೆಲಸ ಮಾಡುವ ಜೀವಂತ ವಿಶ್ವಾಸವಾಗಿರಬೇಕು ಎಂದು ಆರೂ ಮಂದಿ ಒಪ್ಪಿದರು.

ಮಾತು ಮುರಿದದ್ದು ರೊಟ್ಟಿಯ ವಿಷಯದಲ್ಲಿ. ಪೂಜೆಯಲ್ಲಿ ರೊಟ್ಟಿ ಮತ್ತು ದ್ರಾಕ್ಷಾರಸದ ಮೂಲದ್ರವ್ಯವೇ ಕ್ರಿಸ್ತನ ಶರೀರ, ರಕ್ತಗಳಾಗಿ ಬದಲಾಗುತ್ತದೆ ಎಂಬುದು ಕ್ಯಾಥೊಲಿಕ್ ಬೋಧನೆ. ಕ್ರಿಸ್ತನ ಸಾನ್ನಿಧ್ಯವನ್ನು ಒಪ್ಪಿದ ಪ್ರಾಟೆಸ್ಟೆಂಟರು ಈ ವಿವರಣೆಗೆ ಬೈಬಲ್ಲಿನ ಆಧಾರವಿಲ್ಲ ಎಂದರು. 1215ರಲ್ಲಿ ಧರ್ಮಸಭೆಯ ಮಹಾಸಮ್ಮೇಳನ ಬಳಸಿದ ಮಾತನ್ನು ಬಿಟ್ಟುಕೊಡಲು ಕಾಂಟರೀನಿಯೂ ಸಿದ್ಧರಿರಲಿಲ್ಲ. ಬಿಟ್ಟರೆ ಸಮ್ಮೇಳನವೂ ತಪ್ಪಬಹುದು ಎಂದು ಒಪ್ಪಿದಂತೆ. ಪಾಪನಿವೇದನೆ, ಧರ್ಮಸಭೆಯ ಅಧಿಕಾರಗಳ ಮೇಲೂ ಚರ್ಚೆ ನಿಂತಿತು. ಅಂದರೆ, ಮೋಕ್ಷದ ದಾರಿಗಿಂತ ದೊಡ್ಡ ತೊಡಕು, ಕೊನೆಯ ಮಾತು ಯಾರದು ಎಂಬುದೇ ಆಗಿತ್ತು.

ಆದ ಒಪ್ಪಂದವೂ ಉಳಿಯಲಿಲ್ಲ. ಲೂಥರ್ ಅದನ್ನು ತೇಪೆ ಕೆಲಸವೆಂದು ತಳ್ಳಿಹಾಕಿದ. ರೋಮ್ ಕೂಡ ಒಪ್ಪಲಿಲ್ಲ. ಅದೇ ವರ್ಷ ಬುಡಾ ನಗರ ತುರ್ಕರ ವಶವಾಯಿತು. 1546ರಲ್ಲಿ ಚಾರ್ಲ್ಸ್ ಪ್ರಾಟೆಸ್ಟೆಂಟ್ ಅರಸರ ಮೇಲೆಯೇ ಯುದ್ಧ ಹೂಡಿದ. 1547ರಲ್ಲಿ ಟ್ರೆಂಟ್ ಮಹಾಸಮ್ಮೇಳನವು ವಿಶ್ವಾಸ ಮಾತ್ರದಿಂದ ಎಂಬ ವಾದವನ್ನು ಖಂಡಿಸಿತು.

ಮುಂದೆ 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗ್‌ನಲ್ಲಿ ಕ್ಯಾಥೊಲಿಕರು ಮತ್ತು ಲೂಥರನ್ನರು ಇದೇ ವಿಷಯದ ಮೇಲೆ ಜಂಟಿ ಘೋಷಣೆಗೆ ಸಹಿ ಹಾಕಿದರು. ರೇಗನ್ಸ್‌ಬರ್ಗ್‌ನಲ್ಲಿ ಕೈತಪ್ಪಿದ್ದು ಮರಳಿ ಸಿಗಲು 458 ವರ್ಷ ಹಿಡಿಯಿತು. ಆದರೂ ಎರಡು ಸಭೆಗಳ ನಡುವೆ ಪೂರ್ಣ ಪ್ರಸಾದ ಸಹಭಾಗಿತ್ವ ಇನ್ನೂ ಏರ್ಪಟ್ಟಿಲ್ಲ. ಅಂದು ತಡೆದ ರೊಟ್ಟಿ ಇಂದಿಗೂ ನಡುವೆಯೇ ಇದೆ.