ಮುಧೋಳ ನಾಯಿಯ ತಳಿರಕ್ಷಣೆ: ಗಂಡುನಾಯಿಯ ಆಯ್ಕೆ ಮತ್ತು ಪಾಲಕನ ಹೊಣೆ

ನಾಯಿಯ ಸಾಕಣೆಯು ಇತಿಹಾಸಕಾರನ ಗಮನಕ್ಕೆ ಅರ್ಹವಾದ ವಿಷಯವೇ ಎಂಬ ಶಂಕೆ ಕೆಲವರಿಗೆ ತೋರಬಹುದು. ಈ ಶಂಕೆಗೆ ಬೀದರ ಜಿಲ್ಲೆಯ ನೆಲದಲ್ಲಿಯೇ ಸಮಾಧಾನವುಂಟು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ವು ಅರಸನ ವಿನೋದಗಳನ್ನು ನಿರೂಪಿಸುವಾಗ ನಾಯಿಗಳಿಗೂ ಒಂದು ಪ್ರಕರಣವನ್ನು ಮೀಸಲಿಟ್ಟಿದೆ. ಇದೇ ಜಿಲ್ಲೆಯಲ್ಲಿ, ಕಮಠಾಣಕ್ಕೆ ಸಮೀಪದ ನಂದಿನಗರದಲ್ಲಿ, ಈಗ ಕರ್ನಾಟಕದ ಪಶುವೈದ್ಯಕೀಯ ವಿಶ್ವವಿದ್ಯಾಲಯವಿದೆ. ಮುಧೋಳ ನಾಯಿಯ ತಳಿಯನ್ನು ಕಾಯುತ್ತಿರುವ ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರವು ಈ ವಿಶ್ವವಿದ್ಯಾಲಯಕ್ಕೆ ಸೇರಿದುದು.

ಮುಧೋಳ ನಾಯಿಗೆ ಕೀರ್ತಿ ತಂದವರು ಅಲ್ಲಿನ ಘೋರ್ಪಡೆ ಅರಸರು. ಮಾಲೋಜಿರಾವ್ ಘೋರ್ಪಡೆಯವರು ಇಂಗ್ಲೆಂಡಿನ ಐದನೆಯ ಜಾರ್ಜ್ ದೊರೆಗೆ ಒಂದು ಜೋಡಿ ನಾಯಿಗಳನ್ನು ಕಾಣಿಕೆಯಾಗಿ ಕೊಟ್ಟ ಸಂಗತಿ ಪ್ರಸಿದ್ಧವಾಗಿದೆ. ಆ ಕಾಲದಲ್ಲಿ ಗಂಡುನಾಯಿಯ ಯೋಗ್ಯತೆಯನ್ನು ಬೇಟೆಯ ಬಯಲೇ ನಿರ್ಣಯಿಸುತ್ತಿತ್ತು. ದೂರದೃಷ್ಟಿ, ವೇಗ, ದಮ್ಮು ಇವುಗಳಲ್ಲಿ ಗೆದ್ದುದು ಸಂತಾನಕ್ಕೆ ಸಲ್ಲುತ್ತಿತ್ತು. 1948ರಲ್ಲಿ ಸಂಸ್ಥಾನವು ವಿಲೀನವಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಬೇಟೆಯನ್ನು ಕಟ್ಟುನಿಟ್ಟಾಗಿ ನಿರ್ಬಂಧಿಸಿತು. ಹೀಗೆ ಅರಸನ ಆಶ್ರಯವೂ ಬಯಲಿನ ಪರೀಕ್ಷೆಯೂ ತಪ್ಪಿದ ಮೇಲೆ ಆ ಸ್ಥಾನಕ್ಕೆ ಪ್ರದರ್ಶನದ ಕಣವು ಬಂದಿತು. 1859ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ಲಿನಲ್ಲಿ ಆರಂಭವಾದ ಪದ್ಧತಿಯಿದು. 1873ರಲ್ಲಿ ಲಂಡನ್ನಿನಲ್ಲಿ ಸ್ಥಾಪಿತವಾದ ಕೆನೆಲ್ ಕ್ಲಬ್ಬು ಇದಕ್ಕೆ ನಿಯಮಗಳ ಚೌಕಟ್ಟನ್ನು ಒದಗಿಸಿತು.

ಕಣದಲ್ಲಿ ತೀರ್ಪುಗಾರನಿಗೆ ದೊರೆಯುವುದು ಕೆಲವೇ ನಿಮಿಷ. ನಾಯಿಯ ನಿಲುವು, ನಡಿಗೆಗಳನ್ನು ಅವನಿಗೆ ತೋರಿಸಿಕೊಡುವ ಹ್ಯಾಂಡ್ಲರನ ಪಾತ್ರವು ಆದಕಾರಣ ಮಹತ್ತರವಾಗಿದೆ. ಮುಧೋಳ ನಾಯಿಯು ಅಪರಿಚಿತರ ಸ್ಪರ್ಶವನ್ನು ಸುಲಭವಾಗಿ ಸಹಿಸದು, ಗದರಿಸಿದರೆ ಕುಗ್ಗುತ್ತದೆ. ಇಂಥ ನಾಯಿಗೆ ತಾಳ್ಮೆಯುಳ್ಳವನೇ ತಕ್ಕವನು. ಗೆದ್ದ ಪದಕಗಳನ್ನು ಎಣಿಸಿ ಅವನನ್ನು ಆರಿಸುವುದು ಸಾಲದು. ಅವನ ವಶದಲ್ಲಿರುವ ನಾಯಿಗಳ ಮೈಕಟ್ಟು, ಅವುಗಳ ಗೂಡಿನ ಶುಚಿತ್ವ, ಒಬ್ಬನೇ ಎಷ್ಟು ನಾಯಿಗಳ ಹೊಣೆ ಹೊತ್ತಿದ್ದಾನೆಂಬುದು ಇವೆಲ್ಲವನ್ನೂ ಕಣ್ಣಾರೆ ಕಂಡು ನಿರ್ಧರಿಸತಕ್ಕದ್ದು.

ಗೆದ್ದ ಗಂಡುನಾಯಿಯ ಬಳಿಗೆ ಎಲ್ಲರೂ ತಮ್ಮ ಹೆಣ್ಣುನಾಯಿಗಳನ್ನು ತರುವುದು ಸಹಜ. ಅಪಾಯವಿರುವುದು ಇಲ್ಲಿಯೇ. ಸಂಖ್ಯೆಯಲ್ಲಿ ಸಣ್ಣದಾದ ತಳಿಯೊಂದರಲ್ಲಿ ಒಂದೇ ಗಂಡಿನ ಸಂತಾನವು ಹಬ್ಬಿದರೆ ಕೆಲವು ತಲೆಮಾರುಗಳಲ್ಲಿ ರಕ್ತಸಂಬಂಧಿಗಳಲ್ಲಿಯೇ ಕೂಡುವಿಕೆ ನಡೆದು, ಅಡಗಿದ್ದ ದೋಷಗಳು ಹೊರಬೀಳುತ್ತವೆ. ಆದ್ದರಿಂದ ಒಂದು ಗಂಡಿಗೆ ಬಿಡುವ ಹೆಣ್ಣುಗಳಿಗೆ ಮಿತಿಯಿರಬೇಕು. ಕೂಡಿಸುವ ಮುನ್ನ ಎರಡಕ್ಕೂ ಬ್ರುಸೆಲ್ಲಾ ರೋಗದ ಪರೀಕ್ಷೆಯಾಗಬೇಕು. ಕೂಡಿದ ದಿನ, ಸುಮಾರು 63 ದಿನಗಳ ಬಳಿಕ ಹುಟ್ಟಿದ ಮರಿಗಳ ಸಂಖ್ಯೆ, ಅವುಗಳ ದೋಷ ಇವೆಲ್ಲ ದಾಖಲೆಗೆ ಬರಬೇಕು. ಹ್ಯಾಂಡ್ಲರನೇ ಗಂಡುನಾಯಿಯ ಒಡೆಯನೂ ಆಗಿದ್ದಲ್ಲಿ ಅವನ ಲಾಭಕ್ಕೂ ತಳಿಯ ಹಿತಕ್ಕೂ ವಿರೋಧ ಹುಟ್ಟಬಹುದಾದ್ದರಿಂದ ಒಪ್ಪಂದವು ಲಿಖಿತರೂಪದಲ್ಲಿರುವುದು ಲೇಸು.

2005ರಲ್ಲಿ ಭಾರತದ ಅಂಚೆ ಇಲಾಖೆಯು ಮುಧೋಳ ನಾಯಿಯ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರತಂದಿತು. ಈ ಗೌರವವು ಉಚಿತವಾದುದೇ ಸರಿ. ಆದರೆ ಅರಸರು ಹೋದ ಮೇಲೆ ತಳಿಯ ಭವಿಷ್ಯವು ನಾಯಿಯ ಹಗ್ಗ ಹಿಡಿದವನ ಕೈಯಲ್ಲಿಯೂ ವಂಶಾವಳಿಯ ಪುಸ್ತಕದ ಪುಟಗಳಲ್ಲಿಯೂ ನಿಂತಿದೆ. ಅಲ್ಲಿ ಬರೆದಿಡುವ ಒಂದೊಂದು ಸಾಲೂ ಮುಂದಿನ ಇತಿಹಾಸಕಾರನಿಗೆ ಆಧಾರವಾಗುವುದು.