ಉಯಿಲಿನ ಎಕ್ಸಿಕ್ಯೂಟರ್ ಅಂದರೆ ಆಸ್ತಿಯ ಮಾಲೀಕನೇ?

"ಅಪ್ಪ ವಿಲ್‌ನಲ್ಲಿ ನನ್ನ ಹೆಸರು ಬರೆದಿದ್ದಾರೆ, ಮನೆ ವಿಷಯ ನಾನೇ ನೋಡ್ಕೋತೀನಿ." ಆಸ್ತಿ ಜಗಳಗಳಲ್ಲಿ ಹಿರಿಯ ಮಗನ ಬಾಯಲ್ಲಿ ಬರುವ ಮಾತಿದು. ಆ ಹೆಸರು ಆಸ್ತಿ ಪಡೆಯುವವರಾಗಿ ಇದೆಯೋ, ಉಯಿಲನ್ನು ಜಾರಿ ಮಾಡುವ ಎಕ್ಸಿಕ್ಯೂಟರ್ ಆಗಿ ಇದೆಯೋ ಎಂಬುದನ್ನು ಮೊದಲು ಓದಿ ನೋಡಬೇಕು. ಎರಡಕ್ಕೂ ಅಜಗಜಾಂತರ.

ಗೊಂದಲಕ್ಕೆ ಕಾರಣ ಕಾನೂನಿನಲ್ಲೇ ಇದೆ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 211ನೇ ಸೆಕ್ಷನ್ ಪ್ರಕಾರ ತೀರಿಹೋದವರ ಆಸ್ತಿ ಎಕ್ಸಿಕ್ಯೂಟರ್ ಕೈಗೆ ಬರುತ್ತದೆ. ಆದರೆ ಬರುವುದು ತೀರಿಹೋದವರ ಕಾನೂನುಬದ್ಧ ಪ್ರತಿನಿಧಿಯಾಗಿ ಮಾತ್ರ. ಅಂತ್ಯಕ್ರಿಯೆಯ ಖರ್ಚು, ಸಾಲ ತೀರಿಸಿ, ಬರಬೇಕಾದ್ದನ್ನು ವಸೂಲಿ ಮಾಡಿ, ಉಳಿದದ್ದನ್ನು ಉಯಿಲಿನಲ್ಲಿ ಬರೆದವರಿಗೆ ಒಪ್ಪಿಸುವುದು ಅವರ ಕೆಲಸ. ಉಯಿಲಿನಲ್ಲಿ ಅವರಿಗೂ ಪಾಲಿದ್ದರೆ ಅಷ್ಟು ಅವರದು. ಇಲ್ಲದಿದ್ದರೆ ಒಂದು ಚದರಡಿಯೂ ಅವರದಲ್ಲ.

ಒಂದು ಉದಾಹರಣೆ ಊಹಿಸಿಕೊಳ್ಳಿ. ಅಪ್ಪ ತಾವೇ ದುಡಿದು ಕಟ್ಟಿಸಿದ ಮನೆಯನ್ನು ಮೂವರು ಮಕ್ಕಳಿಗೂ ಸಮನಾಗಿ ಬರೆದು, ಅಣ್ಣನನ್ನು ಎಕ್ಸಿಕ್ಯೂಟರ್ ಮಾಡಿದ್ದಾರೆ. ತಮ್ಮ ಅದೇ ಮನೆಯಲ್ಲಿದ್ದಾನೆ, ಬಿಡಲೊಲ್ಲ. ಅಣ್ಣ ತಮ್ಮನ ಸಾಮಾನು ಬೀದಿಗೆ ಹಾಕಿ ಬೀಗ ಜಡಿಯುವಂತಿಲ್ಲ. ಸ್ವಾಧೀನ ಬೇಕಿದ್ದರೆ ಕೋರ್ಟಿಗೇ ಹೋಗಬೇಕು. ಸಾಲ ತೀರಿಸಲು ಮನೆ ಮಾರಲೇಬೇಕಾದರೆ, ಉಯಿಲು ತಡೆಯದಿದ್ದಲ್ಲಿ, 307ನೇ ಸೆಕ್ಷನ್ ಮಾರುವ ಅಧಿಕಾರ ಕೊಡುತ್ತದೆ. ಆ ಮಾರಾಟದಲ್ಲಿ ಅಣ್ಣ ತಾನೇ, ಅಥವಾ ಹೆಂಡತಿಯ ಹೆಸರಲ್ಲಿ ಸುತ್ತುಬಳಸಿ, ಕೊಂಡುಕೊಂಡರೆ? ತಂಗಿ ಆ ಕ್ರಯವನ್ನು ರದ್ದು ಮಾಡಿಸಬಹುದು. 310ನೇ ಸೆಕ್ಷನ್ ಇರುವುದೇ ಇದಕ್ಕೆ. ಜಗಳದಲ್ಲಿರುವ ಒಡಹುಟ್ಟಿದವರಿಗೆ ಇಡೀ ಕಾಯ್ದೆಯಲ್ಲಿ ಇಷ್ಟು ಉಪಯೋಗಕ್ಕೆ ಬರುವ, ಇಷ್ಟು ಕಡಿಮೆ ಜನಕ್ಕೆ ಗೊತ್ತಿರುವ ಸೆಕ್ಷನ್ ಇನ್ನೊಂದಿಲ್ಲ ಎನಿಸುತ್ತದೆ.

"ಪಾಲು ಇವತ್ತೇ ಕೊಡು" ಎನ್ನುವವರೂ ಒಂದು ವಿಷಯ ತಿಳಿದಿರಬೇಕು. ಸಾವಿನಿಂದ ಒಂದು ವರ್ಷದವರೆಗೆ ಪಾಲು ಹಂಚಲೇಬೇಕೆಂಬ ಕಟ್ಟುಪಾಡು ಎಕ್ಸಿಕ್ಯೂಟರ್‌ಗೆ ಇಲ್ಲ (337ನೇ ಸೆಕ್ಷನ್). ಸಾಲಗಾರರು ಯಾರ್‍ಯಾರು ಎಂದು ತಿಳಿಯಲು ಸಮಯ ಬೇಕಲ್ಲ.

ಇನ್ನು ಪ್ರೊಬೇಟ್, ಅಂದರೆ ಉಯಿಲು ಅಸಲಿ ಎಂದು ಕೋರ್ಟ್ ಕೊಡುವ ಪ್ರಮಾಣ. ಕರ್ನಾಟಕದಲ್ಲಿ ಹಿಂದೂಗಳ ಉಯಿಲಿಗೆ ಇದು ಕಡ್ಡಾಯವಲ್ಲ, ಆದರೂ ಜಗಳವಿದ್ದರೆ ತೆಗೆದುಕೊಳ್ಳುವುದೇ ಕ್ಷೇಮ. ತೆಗೆದುಕೊಂಡರೆ ಆರು ತಿಂಗಳಲ್ಲಿ ಆಸ್ತಿಯ ಪಟ್ಟಿಯನ್ನೂ, ಒಂದು ವರ್ಷದಲ್ಲಿ ಲೆಕ್ಕವನ್ನೂ ಕೋರ್ಟಿಗೆ ಸಲ್ಲಿಸಬೇಕು. ಉಳಿದವರಿಗೆ ಇದೇ ದೊಡ್ಡ ರಕ್ಷಣೆ. ಆದರೆ ಪ್ರೊಬೇಟ್ ಕೋರ್ಟ್ ನೋಡುವುದು ಉಯಿಲು ಸರಿಯಾಗಿ ಬರೆದದ್ದೇ ಎಂಬುದನ್ನು ಮಾತ್ರ. ಆ ಜಮೀನು ಅಪ್ಪನದೇ, ಪಿತ್ರಾರ್ಜಿತವೇ ಎಂಬ ಪ್ರಶ್ನೆಗೆ ಬೇರೆ ದಾವೆ ಹಾಕಬೇಕು. ಖಾತೆ ಬದಲಾವಣೆಯಿಂದಲೂ ಅದು ತೀರ್ಮಾನವಾಗದು.

ಉಯಿಲೇ ಸುಳ್ಳು ಎಂದು ತಂಗಿ ತಕರಾರು ತೆಗೆದರೆ, ವ್ಯಾಜ್ಯ ಮುಗಿಯುವವರೆಗೆ ಕೋರ್ಟ್ ಬೇರೊಬ್ಬ ಆಡಳಿತಗಾರರನ್ನು ನೇಮಿಸಬಹುದು (247ನೇ ಸೆಕ್ಷನ್). ಅವರು ಆಸ್ತಿ ನೋಡಿಕೊಳ್ಳಬಹುದು, ಹಂಚುವಂತಿಲ್ಲ. ಎಕ್ಸಿಕ್ಯೂಟರ್ ದುರುಪಯೋಗ ಮಾಡಿದರೆ ನಷ್ಟವನ್ನು ಸ್ವಂತ ಕೈಯಿಂದ ತುಂಬಬೇಕು. ಅವರನ್ನು ತೆಗೆದುಹಾಕುವ ಅಧಿಕಾರ ಹೈಕೋರ್ಟಿಗಿದೆ.

ಹೆಸರಿದೆ ಎಂದ ಮಾತ್ರಕ್ಕೆ ಈ ಹೊಣೆ ಹೊರಲೇಬೇಕೆಂದೂ ಇಲ್ಲ. ನ್ಯಾಯಾಧೀಶರ ಮುಂದೆ ಬಾಯಿಮಾತಿನಲ್ಲಿ ಅಥವಾ ಸಹಿ ಮಾಡಿದ ಬರಹದಲ್ಲಿ ಬೇಡವೆನ್ನಬಹುದು. ಹಾಗೆ ಬಿಟ್ಟುಕೊಟ್ಟವರು ಮುಂದೆಂದೂ ಆ ಉಯಿಲಿಗೆ ಎಕ್ಸಿಕ್ಯೂಟರ್ ಆಗಿ ಪ್ರೊಬೇಟ್ ಕೇಳುವಂತಿಲ್ಲ.