ಚಿಲ್ಲರೆ ಕಾಸಿಗೆ ಕೊಂಡ ಬಾಲಬೋಧೆ

ಬುಧವಾರ ಸಂಜೆ ಏಳಕ್ಕೆ ನಮ್ಮ ಚರ್ಚಿನ ನೆಲಮಾಳಿಗೆಯ ಕೋಣೆಯಲ್ಲಿ ಎಂಟು ಜನ ಸೇರುತ್ತೇವೆ. ವಾಷಿಂಗ್ಟನ್ನಿಗೆ ಹತ್ತಿರ, ಮೇರಿಲ್ಯಾಂಡಿನ ಒಂದು ಎಪಿಸ್ಕೋಪಲ್ ಸಭೆ ನಮ್ಮದು. ಬಸ್ ಓಡಿಸುವವರೊಬ್ಬರು, ನಿವೃತ್ತ ನರ್ಸ್ ಒಬ್ಬರು, ಲೆಕ್ಕಪತ್ರ ಬರೆಯುವವರು, ಗಂಡ ತೀರಿಕೊಂಡ ಮೇಲೆ ಮತ್ತೆ ಚರ್ಚಿನ ಮೆಟ್ಟಿಲು ಹತ್ತಿದವರು. ನಾನು ಮಂಗಳೂರಿನ ಬಲ್ಮಠದವಳು. ಸಭೆಯ ಗುರುಗಳು ಈ ಕೂಟಕ್ಕೆ ಬರುವುದಿಲ್ಲ. ಸಭೆಯ ಸಾಮಾನ್ಯ ಜನ ತಾವೇ ಕೂತು ಓದಿಕೊಳ್ಳುವ ಜಾಗ ಇದು.

ಕಳೆದ ಚಳಿಗಾಲದಲ್ಲಿ ಲೂಕನ ಸುವಾರ್ತೆಯ ಒಳ್ಳೆಯ ಸಮಾರ್ಯದವನ ಕಥೆ ಬಂತು. ಒಂದೇ ಭಾಗವನ್ನು ಮೂರು ಅನುವಾದಗಳಲ್ಲಿ ಗಟ್ಟಿಯಾಗಿ ಓದುವುದು ನಮ್ಮ ರೂಢಿ. ಇಂಗ್ಲಿಷಿನ ಎರಡು ಮುಗಿದ ಮೇಲೆ ಮೂರನೆಯದನ್ನು ನಾನು ಅಮ್ಮನ ಹಳೆಯ ಸತ್ಯವೇದದಿಂದ ಕನ್ನಡದಲ್ಲೇ ಓದಿದೆ. ಒಬ್ಬರಿಗೂ ಅರ್ಥವಾಗಲಿಲ್ಲ, ಆದರೂ ಓದಿ ಮುಗಿಯುವವರೆಗೆ ಯಾರೂ ಕದಲಲಿಲ್ಲ. ಆಮೇಲೆ 'ನೆರೆಯವನು' ಎಂಬ ಒಂದು ಮಾತನ್ನು ಬಿಡಿಸಿ ಹೇಳಿದೆ. ನಮ್ಮ ಭಾಷೆಯಲ್ಲಿ ಪಕ್ಕದ ಮನೆಯೂ ನೆರೆ, ಹೊಳೆ ಉಕ್ಕಿ ಬಂದರೆ ಅದೂ ನೆರೆ. 1974ರಲ್ಲಿ ನೇತ್ರಾವತಿ ಏರಿ ಬಂಟ್ವಾಳ ಪೇಟೆ ಮುಳುಗಿದ್ದನ್ನು ಅಮ್ಮ ಹೇಳುತ್ತಿದ್ದಳು. ಒಬ್ಬರ ಅಟ್ಟದ ಮೇಲೆ ಇನ್ನೊಬ್ಬರ ಮಕ್ಕಳು, ಯಾರದೋ ಅಕ್ಕಿಯಲ್ಲಿ ಯಾರಿಗೋ ಗಂಜಿ. ನರ್ಸ್ ಬಹಳ ಹೊತ್ತು ಸುಮ್ಮನಿದ್ದು, "ಹಾಗಾದರೆ ನೀರು ಬಂದಾಗಲೇ ನೆರೆಯವರು ಯಾರೆಂದು ಗೊತ್ತಾಗುವುದು" ಅಂದರು. ಇಷ್ಟು ವರ್ಷ ಈ ಭಾಗದ ಮೇಲೆ ನಾನು ಕೇಳಿದ ಪ್ರಸಂಗಗಳಲ್ಲಿ ಒಂದರಲ್ಲೂ ಈ ಮಾತು ಬಂದಿರಲಿಲ್ಲ.

ಈ ಕೋಣೆ, ಈ ಮೇಜು, ಮೂರು ಸಲ ಓದುವ ಈ ಕ್ರಮ ಎಲ್ಲಿಂದ ಬಂದವು ಎಂದು ಹುಡುಕುತ್ತ ಹೋದಾಗ ನನಗೆ ಮೊದಲು ಸಿಕ್ಕಿದ್ದು ಒಬ್ಬ ಗುಲಾಮ ಹುಡುಗ.

ಅಬ್ಸಲೋಮ್ ಜೋನ್ಸ್ ಹುಟ್ಟಿದ್ದು 1746ರಲ್ಲಿ, ಡೆಲಾವೇರ್ ಸೀಮೆಯಲ್ಲಿ, ಗುಲಾಮರ ಮನೆಯಲ್ಲಿ. ಮನೆಗೆ ಬಂದ ಅತಿಥಿಗಳು ಆಗಾಗ ಕೈಗಿಡುತ್ತಿದ್ದ ಚಿಲ್ಲರೆ ಕಾಸನ್ನು ಕೂಡಿಟ್ಟು ಆ ಹುಡುಗ ಒಂದು ಬಾಲಬೋಧೆ ಕೊಂಡ. ಮುಂದೆ ಕಾಗುಣಿತದ ಪುಸ್ತಕ, ಹೊಸ ಒಡಂಬಡಿಕೆ. ಸಿಕ್ಕವರನ್ನೆಲ್ಲ ಇದೇನು, ಅದೇನು ಎಂದು ಕೇಳಿ ಅಕ್ಷರ ಕಲಿತ. ಹದಿನಾರು ವರ್ಷಕ್ಕೆ ಯಜಮಾನ ಅವನ ತಾಯಿಯನ್ನೂ ಒಡಹುಟ್ಟಿದವರನ್ನೂ ಮಾರಿ, ಅವನೊಬ್ಬನನ್ನು ಫಿಲಡೆಲ್ಫಿಯಾಕ್ಕೆ ಕರೆದೊಯ್ದು ಅಂಗಡಿಯ ಕೆಲಸಕ್ಕೆ ಹಾಕಿದ. ಹಗಲು ಅಂಗಡಿ, ರಾತ್ರಿ ಕ್ವೇಕರರು ಕಪ್ಪು ಜನರಿಗಾಗಿ ನಡೆಸುತ್ತಿದ್ದ ಶಾಲೆ. ಆ ಶಾಲೆಗೆ ಸೇರುವಾಗ ಅವರಿಗೆ ಇಪ್ಪತ್ತರ ವಯಸ್ಸು. ಮದುವೆಯಾದ ಮೇಲೆ ದುಡಿದು, ಸಾಲ ಮಾಡಿ, ಮೊದಲು ಹೆಂಡತಿಯ ಬಿಡುಗಡೆಯನ್ನು ಕೊಂಡರು. ತಾಯಿ ಗುಲಾಮಳಾದರೆ ಹುಟ್ಟುವ ಮಕ್ಕಳೂ ಗುಲಾಮರೇ ಎಂಬುದು ಅಂದಿನ ಕಾನೂನು. ತಮ್ಮ ಬಿಡುಗಡೆ ಅವರಿಗೆ ಸಿಕ್ಕಿದ್ದು 1784ರಲ್ಲಿ.

ಎಪಿಸ್ಕೋಪಲ್ ಸಭೆ ಅಂದರೆ ಬಿಷಪರಿರುವ ಸಭೆ. ಅಮೆರಿಕ ಸ್ವತಂತ್ರವಾದ ಮೇಲೆ ಇಂಗ್ಲೆಂಡಿನ ಸಭೆಯಿಂದ ಬೇರೆಯಾಗಿ, 1789ರಲ್ಲಿ ತನ್ನದೇ ಪ್ರಾರ್ಥನಾ ಪುಸ್ತಕ ಮಾಡಿಕೊಂಡಿತು. ಜೋನ್ಸ್ ಮೊದಲು ಇದ್ದದ್ದು ಮೆಥೊಡಿಸ್ಟ್ ಸಭೆಯಲ್ಲಿ. ಅಲ್ಲಿ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದವರನ್ನು, ಇದು ನಿಮ್ಮ ಜಾಗವಲ್ಲವೆಂದು ಹಿಡಿದೆಬ್ಬಿಸಿದಾಗ ಕಪ್ಪು ಜನರೆಲ್ಲ ಎದ್ದು ಹೊರನಡೆದರು. ಒಡನಾಡಿ ರಿಚರ್ಡ್ ಆಲೆನ್ ಜೊತೆ 1787ರಲ್ಲಿ ಕಟ್ಟಿದ ಸ್ವತಂತ್ರ ಆಫ್ರಿಕನ್ ಸಂಘ ಅವರಿಗೆ ಆಸರೆಯಾಯಿತು. 1793ರಲ್ಲಿ ಹಳದಿ ಜ್ವರ ಫಿಲಡೆಲ್ಫಿಯಾವನ್ನು ಹಿಂಡಿದಾಗ ಈ ಸಂಘದವರೇ ರೋಗಿಗಳ ಆರೈಕೆ ಮಾಡಿದರು, ಹೆಣ ಹೂಳಿದರು. ಅದೇ ನೆಪದಲ್ಲಿ ಹಣ ಸುಲಿದರೆಂದು ಆಪಾದನೆ ಬಂದಾಗ ಜೋನ್ಸ್ ಮತ್ತು ಆಲೆನ್ 1794ರಲ್ಲಿ ಲೆಕ್ಕಸಮೇತ ಒಂದು ಪುಸ್ತಿಕೆ ಬರೆದು ಅಚ್ಚು ಹಾಕಿಸಿ ಉತ್ತರ ಕೊಟ್ಟರು. ಚಿಲ್ಲರೆ ಕಾಸಿನ ಬಾಲಬೋಧೆ ಮುಟ್ಟಿದ್ದು ಅಲ್ಲಿಗೆ.

ಅದೇ ವರ್ಷ ಜುಲೈ 17ರಂದು ಸೇಂಟ್ ಥಾಮಸ್ ಆಫ್ರಿಕನ್ ಚರ್ಚಿನ ಬಾಗಿಲು ತೆರೆಯಿತು. ಎಪಿಸ್ಕೋಪಲ್ ಸಭೆಯನ್ನು ಸೇರುವಾಗ ಅವರು ಇಟ್ಟ ಷರತ್ತುಗಳನ್ನು ಓದಿದರೆ ಇವತ್ತಿಗೂ ಎದೆ ಉಬ್ಬುತ್ತದೆ. ನಮ್ಮನ್ನು ಒಂದು ಸಭೆಯಾಗಿಯೇ ಸೇರಿಸಿಕೊಳ್ಳಬೇಕು, ನಮ್ಮ ವ್ಯವಹಾರ ನಮ್ಮ ಕೈಯಲ್ಲಿರಬೇಕು, ಜೋನ್ಸ್ ಅವರಿಗೆ ಆರಾಧನೆ ನಡೆಸುವ ಅಪ್ಪಣೆ ಕೊಟ್ಟು, ಯೋಗ್ಯರೆಂದು ಕಂಡರೆ ಗುರುದೀಕ್ಷೆ ಕೊಡಬೇಕು. ಬಿಷಪ್ ವಿಲಿಯಂ ವೈಟ್ 1795ರಲ್ಲಿ ಅವರನ್ನು ಡೀಕನ್ ಆಗಿ ನೇಮಿಸಿದರು, ಕೆಲವು ವರ್ಷಗಳ ಮೇಲೆ ಪೂರ್ಣ ದೀಕ್ಷೆ ಕೊಟ್ಟರು. ಎಪಿಸ್ಕೋಪಲ್ ಸಭೆಯ ಮೊದಲ ಕಪ್ಪು ಗುರು ಅವರು.

ಆದರೆ ಇಲ್ಲೊಂದು ಕಟು ಸಂಗತಿ ಇದೆ. ಗುರುಗಳಾಗುವವರಿಗೆ ಲ್ಯಾಟಿನ್, ಗ್ರೀಕ್ ಬರಬೇಕೆಂಬ ನಿಯಮವನ್ನು ಜೋನ್ಸ್ ಅವರಿಗಾಗಿ ಸಡಿಲಿಸಿದರು. ಅದಕ್ಕೆ ಕೇಳಿದ ಬೆಲೆ, ಸೇಂಟ್ ಥಾಮಸ್ ಸಭೆ ಧರ್ಮಪ್ರಾಂತದ ವಾರ್ಷಿಕ ಸಮ್ಮೇಳನಕ್ಕೆ ಪ್ರತಿನಿಧಿಗಳನ್ನು ಕಳಿಸುವಂತಿಲ್ಲ ಎಂಬುದು. ಕಲಿಯುವುದಕ್ಕೆ ಹಗಲು ಬಿಡದ ಊರು, ಕಲಿತಿಲ್ಲವೆಂಬ ಕಾರಣ ಕೊಟ್ಟು ಮಾತಾಡುವ ಹಕ್ಕನ್ನೂ ಕಿತ್ತುಕೊಂಡಿತು. 1860ರ ದಶಕದವರೆಗೆ ಆ ಬಾಗಿಲು ಮುಚ್ಚಿಯೇ ಇತ್ತು. ವಯಸ್ಕರ ಪಾಠವೆಂದರೆ ಭಾನುವಾರದ ಆರಾಧನೆ ಮುಗಿದ ಮೇಲೆ ಕಾಫಿ ಜೊತೆ ಕೇಳುವ ಒಂದು ಉಪನ್ಯಾಸ ಎಂದುಕೊಂಡವರು ಜೋನ್ಸ್ ಅವರ ಈ ಕಥೆಯನ್ನು ಒಮ್ಮೆ ಓದಬೇಕು. ನಾನೂ ಹಾಗೆಯೇ ಅಂದುಕೊಂಡಿದ್ದೆ.

ನೂರು ವರ್ಷದ ನಂತರ ಇದೇ ಕಥೆ ಜಾರ್ಜಿಯಾದ ಹಳ್ಳಿಗಾಡಿನಲ್ಲಿ ಮರುಕಳಿಸಿತು. ಗುಲಾಮಗಿರಿಯಿಂದ ಬಿಡುಗಡೆಯಾದ ದಂಪತಿಗಳ ಮಗಳು ಆ್ಯನಾ ಅಲೆಕ್ಸಾಂಡರ್ ಪೆನಿಕ್ ಎಂಬ ಊರಿನಲ್ಲಿ ಗುಡ್ ಶೆಫರ್ಡ್ ಸಭೆಯನ್ನೂ ಅದರ ಮಗ್ಗುಲಿಗೆ ಒಂದು ಶಾಲೆಯನ್ನೂ ಕಟ್ಟಿದರು. ಪ್ರಾರ್ಥನಾ ಪುಸ್ತಕ ಮತ್ತು ಬೈಬಲ್, ಇವೇ ಪಠ್ಯ. ಅವನ್ನಿಟ್ಟುಕೊಂಡೇ ಊರ ಜನರಿಗೆ ಓದು ಕಲಿಸಿದರು. 1907ರಲ್ಲಿ ಬಿಷಪರು ಅವರನ್ನು ಡೀಕನೆಸ್ ಆಗಿ ಸೇವೆಗೆ ಪ್ರತಿಷ್ಠಿಸಿದರು. ಎಪಿಸ್ಕೋಪಲ್ ಸಭೆಯಲ್ಲಿ ಡೀಕನೆಸ್ ಆದ ಮೊದಲ ಕಪ್ಪು ಹೆಣ್ಣುಮಗಳು ಅವರು. ಅದೇ ವರ್ಷ ಧರ್ಮಪ್ರಾಂತ ಒಡೆದು, ಕಪ್ಪು ಸಭೆಗಳನ್ನು ಸಮ್ಮೇಳನದಿಂದ ಹೊರಗಿಟ್ಟಿತು. ಮತ್ತೆ ಕರೆ ಬಂದದ್ದು 1947ರಲ್ಲಿ. ಆ ಸೆಪ್ಟೆಂಬರ್ 24ರಂದು ಆ್ಯನಾ ತೀರಿಕೊಂಡರು.

ಅವರ ವಿಷಯ ಓದುವಾಗ ನನಗೆ ನೆನಪಾದದ್ದು ನನ್ನ ಅಜ್ಜಿ. ಜೆಪ್ಪಿನ ಹಂಚಿನ ಕಾರ್ಖಾನೆಯಲ್ಲಿ ಹೆಡಿಗೆಯಲ್ಲಿ ಮಣ್ಣು ಹೊತ್ತವಳು, ಅಕ್ಷರ ಕಲಿತದ್ದು ಎರಡು ಮಕ್ಕಳಾದ ಮೇಲೆ. ಬಾಯಿಪಾಠ ಬರುತ್ತಿದ್ದ ಹಾಡುಗಳನ್ನು ಹಾಡಿನ ಪುಸ್ತಕದಲ್ಲಿ ಬೆರಳಿಟ್ಟು ಹುಡುಕುತ್ತ, ಯಾವ ಸದ್ದಿಗೆ ಯಾವ ಅಕ್ಷರ ಎಂದು ತಾನೇ ಕಂಡುಕೊಂಡಳಂತೆ. ಸಾಯುವವರೆಗೂ ಅವಳು ಬೆರಳಿಟ್ಟೇ ಓದಿದಳು. ಆ ಪುಸ್ತಕದ ಬಲತುದಿಗಳು ಎಣ್ಣೆ ಹಿಡಿದು ಕಪ್ಪಾಗಿದ್ದವು.

ಆ್ಯನಾ ತೀರಿಕೊಂಡ ಮೂರನೆಯ ದಿನ, 1947ರ ಸೆಪ್ಟೆಂಬರ್ 27ರಂದು, ಮದ್ರಾಸಿನಲ್ಲಿ ನಮ್ಮ ದಕ್ಷಿಣ ಭಾರತ ಸಭೆ ಹುಟ್ಟಿತು. ಬಿಷಪರಿರುವ ಆಂಗ್ಲಿಕನರೂ ಬಿಷಪರಿಲ್ಲದ ಮೆಥೊಡಿಸ್ಟ್ ಮುಂತಾದವರೂ ಒಂದಾದ ಸಭೆ. ಆ ಸಭೆ 1950ರಲ್ಲಿ ಸಿದ್ಧಮಾಡಿದ ಪ್ರಭುಭೋಜನದ ಕ್ರಮದಲ್ಲಿ ಸಮಾಧಾನವನ್ನು ಕೈಯಿಂದ ಕೈಗೆ ಕೊಡುವ ಪದ್ಧತಿ ಇತ್ತು. ಕೊಡುವವರ ಬಲ ಅಂಗೈ ತೆಗೆದುಕೊಳ್ಳುವವರ ಬಲ ಅಂಗೈಗೆ ತಾಗಬೇಕು, ಇಬ್ಬರೂ ಎಡಗೈಯನ್ನು ಅದರ ಮೇಲೆ ಮುಚ್ಚಬೇಕು. ಈ ಪದ್ಧತಿ ಕೇರಳದ ಸಿರಿಯನ್ ಕ್ರೈಸ್ತರಿಂದ ಬಂದದ್ದು. ಪಶ್ಚಿಮದ ಸಭೆಗಳು ತಮ್ಮ ಆರಾಧನಾ ಕ್ರಮ ತಿದ್ದಿಕೊಳ್ಳುವಾಗ ದಕ್ಷಿಣ ಭಾರತ ಸಭೆಯ ಈ ಕ್ರಮವನ್ನು ಮುಂದಿಟ್ಟುಕೊಂಡಿದ್ದವು. ಎಪಿಸ್ಕೋಪಲ್ ಸಭೆಯ 1979ರ ಪ್ರಾರ್ಥನಾ ಪುಸ್ತಕದಲ್ಲೂ ಸಮಾಧಾನ ಹಂಚಿಕೊಳ್ಳುವುದು ಸೇರಿತು. ಇಲ್ಲಿಗೆ ಬಂದ ಮೊದಲ ಭಾನುವಾರ, ಗುರುತಿಲ್ಲದ ಜನ ತಿರುಗಿ ಕೈ ಚಾಚಿದಾಗ, ನಾನು ಅಭ್ಯಾಸಬಲದಿಂದ ಎರಡೂ ಕೈ ಕೊಟ್ಟೆ.

ಇತ್ತ ಎರಡನೆಯ ಮಹಾಯುದ್ಧ ಮುಗಿದ ಮೇಲೆ ಎಪಿಸ್ಕೋಪಲ್ ಸಭೆಯ ಶಿಕ್ಷಣ ವಿಭಾಗದವರು ಮಕ್ಕಳ ಸಂಡೇ ಸ್ಕೂಲ್ ಪಾಠಗಳನ್ನು ಹೊಸದಾಗಿ ಬರೆಯಲು ಕೂತರು. ಮನೆಯಲ್ಲಿ ದೊಡ್ಡವರಿಗೇ ಗೊತ್ತಿಲ್ಲದಿದ್ದರೆ ಮಕ್ಕಳಿಗೆ ಕಲಿಸಿ ಏನು ಬಂತು ಎಂಬ ಪ್ರಶ್ನೆ ಎದ್ದಿತು. ಹಾಗಾಗಿ ದೊಡ್ಡವರ ಪುಸ್ತಕಮಾಲೆ ಮೊದಲು, 1949ರಿಂದ, ಹೊರಬಂತು. ಮಕ್ಕಳ ಪಾಠಮಾಲೆ 1955ರವರೆಗೆ ಕಾಯಿತು. ಇದು ಸರಿಯಾದ ಅನುಕ್ರಮ ಎಂದೇ ನನ್ನ ಅಭಿಪ್ರಾಯ. ಇದಕ್ಕೂ ಹಿಂದೆ, 1935ರಿಂದ, ದಿನಕ್ಕೊಂದು ಪುಟದ ಧ್ಯಾನದ ಸಣ್ಣ ಪುಸ್ತಿಕೆ ಬರುತ್ತಿದೆ. ನಮ್ಮ ಬಸ್ ಡ್ರೈವರ್ ಅದನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡಿರುತ್ತಾರೆ.

ಮೂರು ಅನುವಾದ ಓದುವ ಕ್ರಮ ನಮಗೆ ಬಂದದ್ದು ವರ್ನಾ ಡೋಜಿಯರ್ ಅವರಿಂದ. 1917ರಲ್ಲಿ ವಾಷಿಂಗ್ಟನ್ನಿನಲ್ಲಿ ಹುಟ್ಟಿದ ಕಪ್ಪು ಮಹಿಳೆ. ಊರಿನ ಸರಕಾರಿ ಶಾಲೆಗಳಲ್ಲಿ ಮೂರು ದಶಕ ಇಂಗ್ಲಿಷ್ ಕಲಿಸಿದ ಟೀಚರಮ್ಮ. ಗುರುದೀಕ್ಷೆ ತೆಗೆದುಕೊಂಡವರಲ್ಲ. ಕೆಲಸದಿಂದ ನಿವೃತ್ತರಾದ ಮೇಲೆ ಸಭೆಯಿಂದ ಸಭೆಗೆ ಹೋಗಿ ಬೈಬಲ್ ಓದಿಸಿದರು. ಶಾಲೆಯಲ್ಲಿ ಪದ್ಯ ಓದಿಸಿದ ಹಾಗೆಯೇ, ಮೂರು ಸಲ ಓದಿಸಿ ಮೂರು ಪ್ರಶ್ನೆ ಕೇಳುತ್ತಿದ್ದರು. ಇಲ್ಲಿ ಏನು ಹೇಳಿದೆ? ಇದನ್ನು ಜೋಪಾನ ಮಾಡಿ ಉಳಿಸಿಕೊಂಡ ಆ ಜನರಿಗೆ ಇದು ಯಾಕೆ ಬೇಕಾಗಿತ್ತು? ಇವತ್ತು ನನಗೆ ಇದು ಏನು? ಮೂರನೆಯ ಪ್ರಶ್ನೆಗೆ ಹಾರುವ ಆತುರ ನಮಗೆಲ್ಲ ಇದೆ. ಮೊದಲಿನ ಎರಡನ್ನು ದಾಟಿಯೇ ಬರಬೇಕೆಂಬುದು ಅವರ ಶಿಸ್ತು. ಭಾನುವಾರದ ಬೆಂಚಿಗಿಂತ ಸೋಮವಾರದ ಕೆಲಸದಲ್ಲಿ ಭಕ್ತಿ ಕಾಣಬೇಕು, ಸಭೆಯ ಸಾಮಾನ್ಯ ಜನರಿಗೂ ಅಧಿಕಾರವಿದೆ ಎಂದು ಅವರು ಬರೆದರು, ಕಲಿಸಿದರು. 2006ರಲ್ಲಿ ತೀರಿಕೊಂಡರು.

ಈಗ ನಾವು ಓದುವ ನಾಲ್ಕು ವರ್ಷದ ಪಾಠಕ್ರಮ ಹುಟ್ಟಿದ್ದು ಟೆನೆಸಿ ರಾಜ್ಯದ ಬೆಟ್ಟದ ಮೇಲಿರುವ ಸೆವಾನಿ ವಿಶ್ವವಿದ್ಯಾಲಯದ ದೇವಶಾಸ್ತ್ರ ಶಾಲೆಯಲ್ಲಿ, 1975ರಲ್ಲಿ. ಮೊದಲ ವರ್ಷ ಹಳೆಯ ಒಡಂಬಡಿಕೆ, ಎರಡನೆಯದರಲ್ಲಿ ಹೊಸದು, ಮೂರನೆಯದರಲ್ಲಿ ಸಭೆಯ ಚರಿತ್ರೆ, ನಾಲ್ಕನೆಯದರಲ್ಲಿ ದೇವಶಾಸ್ತ್ರ. ಗುಂಪಿನಲ್ಲಿ ಆರರಿಂದ ಹನ್ನೆರಡು ಜನ. ನಡೆಸಿಕೊಡುವವರು ಪಾಠ ಹೇಳುವುದಿಲ್ಲ, ಮಾತು ದಾರಿ ತಪ್ಪದಂತೆ ನೋಡಿಕೊಳ್ಳುತ್ತಾರೆ. ಪ್ರತಿ ವರ್ಷದ ಮೊದಲಲ್ಲಿ ಒಬ್ಬೊಬ್ಬರೂ ತಮ್ಮ ಬಾಳಿನಲ್ಲಿ ದೇವರ ಕೈ ಎಲ್ಲಿ ಕಂಡಿತು, ಎಲ್ಲಿ ಕಾಣಲಿಲ್ಲ ಎಂಬುದನ್ನು ಹೇಳಿಕೊಳ್ಳಬೇಕು. ಹಂಚಿನ ಕಾರ್ಖಾನೆಯ ಅಜ್ಜಿಯನ್ನು ನಾನು ಮೊದಲ ಬಾರಿ ಬೇರೆಯವರ ಮುಂದೆ ತಂದದ್ದು ಆಗಲೇ.

ಅದೇ ಸೆವಾನಿ ಗುಲಾಮರನ್ನಿಟ್ಟುಕೊಂಡಿದ್ದ ದಕ್ಷಿಣದ ಬಿಷಪರು 1857ರಲ್ಲಿ ಸ್ಥಾಪಿಸಿದ ಸಂಸ್ಥೆ. 1952ರಲ್ಲಿ ದೇವಶಾಸ್ತ್ರ ಶಾಲೆಗೆ ಕಪ್ಪು ವಿದ್ಯಾರ್ಥಿಗಳನ್ನು ಸೇರಿಸುವುದಿಲ್ಲವೆಂದು ಆಡಳಿತ ಮಂಡಳಿ ಹಟ ಹಿಡಿಯಿತು. ಆ ಶಾಲೆಯ ಅಧ್ಯಾಪಕರಲ್ಲಿ ಹೆಚ್ಚಿನವರು ರಾಜೀನಾಮೆ ಕೊಟ್ಟರು. ಮರುವರ್ಷ ಬಾಗಿಲು ತೆರೆಯಿತು. ಅವರು ಹಾಗೆ ಎದ್ದು ಹೋಗದಿದ್ದರೆ ಅಲ್ಲಿಂದ ಹೊರಟ ಪಾಠವನ್ನು ನಮ್ಮ ಬಸ್ ಡ್ರೈವರ್ ಮುಟ್ಟುತ್ತಿರಲಿಲ್ಲ. ಡ್ರೈವರ್ ಅವರ ಮುತ್ತಜ್ಜಿ ಜಾರ್ಜಿಯಾದವರು. ಹಾಗೆಂದು ಅವರೇ ಒಂದು ಬುಧವಾರ ಹೇಳಿದರು.

ಕರ್ನಾಟಕದ ನಮ್ಮ ಸಭೆಗಳಲ್ಲಿ ಸ್ತ್ರೀಯರ ಕೂಟ ಇದೆ, ಮನೆ ಪ್ರಾರ್ಥನೆ ಇದೆ, ಯುವಜನರ ಕೂಟ ಇದೆ. ದೊಡ್ಡವರು ಕೂತು ಪ್ರಶ್ನೆ ಕೇಳುತ್ತ ಓದುವ ಜಾಗ ಮಾತ್ರ ನಾನು ಬೆಳೆಯುವಾಗ ಇರಲಿಲ್ಲ. ದೃಢೀಕರಣದ ಪಾಠ ಮುಗಿದ ದಿನವೇ ನನ್ನ ಕಲಿಕೆ ನಿಂತಿತು. ಆಗ ನನಗೆ ಹದಿನೈದು. ಮತ್ತೆ ಶುರುವಾಗಿದ್ದು ಐವತ್ತೆಂಟಕ್ಕೆ, ಪರದೇಶದ ನೆಲಮಾಳಿಗೆಯಲ್ಲಿ. ಊರಿನ ಸಭಾಹಿರಿಯರಲ್ಲಿ ನನ್ನದೊಂದು ಬೇಡಿಕೆ. ಆರಾಧನೆ ಮುಗಿದ ಮೇಲೆ ಒಂದು ಕೋಣೆ, ಒಂದು ಗಂಟೆ ಬಿಟ್ಟುಕೊಡಿ. ಹಳೆಯ ಸತ್ಯವೇದ ಒಂದು, ಹೊಸ ಅನುವಾದ ಒಂದು, ತುಳುವಿನದು ಒಂದು ಇಡಿ. ತುಳುವಿಗೆ ಹೊಸ ಒಡಂಬಡಿಕೆ 1847ರಲ್ಲೇ ಬಂದಿತ್ತು. ಓದು ಬಾರದವರನ್ನೂ ಕರೆಯಿರಿ, ಮೂರು ಸಲ ಗಟ್ಟಿಯಾಗಿ ಓದಿ, ಅವರು ಕೇಳಿಸಿಕೊಳ್ಳಲಿ. ಮೊದಲ ಪ್ರಶ್ನೆಯನ್ನು ಅವರಿಗೇ ಕೇಳಿ.